ಬೆಟ್ಟದ ಕಣಿವೆಯ ಸರೋವರಗಳಲ್ಲಿ ಇಂಜಿನ್ ದೋಣಿಗಳನ್ನು ನಿಷೇಧಿಸಬೇಕೇ?

ನಿಧಾನಿ:
ಬೆಟ್ಟಗಳ ನಡುವಿನ ಸರೋವರಗಳಿಗೆ ವಿಹಾರಕ್ಕೆ ಹೋಗುವವರಲ್ಲಿ ಪದೇ ಪದೇ ಏಳುವ ಪ್ರಶ್ನೆಯೊಂದನ್ನು ಇಲ್ಲಿ ಇಡುತ್ತಿದ್ದೇನೆ. ಇಂತಹ ಸರೋವರಗಳಲ್ಲಿ ಇಂಜಿನ್ ದೋಣಿಗಳನ್ನು ಸಂಪೂರ್ಣವಾಗಿ ನಿಷೇಧಿಸಬೇಕೇ? ನಿಷೇಧಿಸಬೇಕೆಂಬುದು ನನ್ನ ನಿಲುವು. ಕಡಿದಾದ ಬಂಡೆಗಳು ಸುತ್ತುವರಿದ ಕಣಿವೆಯಲ್ಲಿ ಒಂದೇ ಒಂದು ಇಂಜಿನ್ನಿನ ಸದ್ದು ಗೋಡೆಯಿಂದ ಗೋಡೆಗೆ ಬಡಿದು, ಆಚೆ ದಡದಲ್ಲಿ ಸುಮ್ಮನೆ ಕುಳಿತವರನ್ನೂ ನೆಮ್ಮದಿಯಾಗಿರಲು ಬಿಡುವುದಿಲ್ಲ. ಜರ್ಮನಿಯ ಬವೇರಿಯಾದಲ್ಲಿರುವ ಕೋನಿಗ್ಸ್‌ಸೇ ಸರೋವರದಲ್ಲಿ 1909ರಿಂದಲೂ ಪ್ರವಾಸಿಗರನ್ನು ವಿದ್ಯುತ್ ದೋಣಿಗಳಲ್ಲಿ ಕರೆದೊಯ್ಯಲಾಗುತ್ತಿದೆ. ಅಲ್ಲಿ ನಡುನೀರಿನಲ್ಲಿ ದೋಣಿ ನಿಲ್ಲಿಸಿ, ತುತ್ತೂರಿ ಊದಿ, ಬಂಡೆಯಿಂದ ಮರಳುವ ದನಿಯನ್ನು ಕೇಳಿಸುವ ರೂಢಿಯಿದೆ. ನೂರು ವರ್ಷಗಳ ಹಿಂದೆಯೇ ಸಾಧ್ಯವಾದದ್ದು ಈಗ ಏಕೆ ಸಾಧ್ಯವಾಗಬಾರದು?

ಇಂಜಿನ್‌ಪರ:
ನಿಧಾನಿಯವರೇ, ಇಂಜಿನ್ನುಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಹಳೆಯ ಕಾರ್ಬ್ಯುರೇಟರ್ ಮಾದರಿಯ ಟೂ-ಸ್ಟ್ರೋಕ್ ಇಂಜಿನ್ನುಗಳು ಹೀರಿದ ಇಂಧನದಲ್ಲಿ ಸುಮಾರು ಕಾಲುಭಾಗವನ್ನು ಉರಿಸದೆಯೇ ಹೊರಗೆ ಬಿಡುತ್ತವೆ ಎಂಬುದು ನಿಜ. ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ರಾಜ್ಯಗಳ ಗಡಿಯಲ್ಲಿರುವ ಟಾಹೋ ಸರೋವರದಲ್ಲಿ 1999ರಿಂದ ಅಂತಹ ಇಂಜಿನ್ನುಗಳಿಗೆ ಅವಕಾಶವಿಲ್ಲ. ಆದರೆ ಅಲ್ಲಿ ನಿಷೇಧವಾದದ್ದು ಹೊಲಸು ಇಂಜಿನ್ನೇ ಹೊರತು ದೋಣಿಯಲ್ಲ. ಎರಡನೆಯದಾಗಿ, ಹುಟ್ಟು ಹಾಕುವ ಶಕ್ತಿ ಎಲ್ಲರ ತೋಳಿಗೂ ಇರುವುದಿಲ್ಲ. ವಯಸ್ಸಾದವರು, ಗಾಲಿಕುರ್ಚಿಯಲ್ಲಿ ಓಡಾಡುವವರು ಸರೋವರದ ನಡುಭಾಗವನ್ನು ಕಾಣಬೇಕಾದರೆ ಇಂಜಿನ್ ಬೇಕೇ ಬೇಕು. ಮೌನದ ಹೆಸರಿನಲ್ಲಿ ಸರೋವರವನ್ನು ಗಟ್ಟಿಮುಟ್ಟಾದ ದೇಹದವರಿಗಷ್ಟೇ ಮೀಸಲಿಡುವುದು ನ್ಯಾಯವಲ್ಲ.

ಹುಟ್ಟುಗೋಲು:
ನಿಧಾನಿಯವರ ಮಾತಿಗೆ ನನ್ನ ಸಹಮತವಿದೆ. ನಾನು ವರ್ಷಗಳಿಂದ ಕಯಾಕ್ ಎಂಬ ಕಿರಿದಾದ ಹುಟ್ಟಿನ ದೋಣಿ ನಡೆಸುತ್ತಿದ್ದೇನೆ. ವೇಗದ ದೋಣಿ ಎಬ್ಬಿಸುವ ಅಲೆ ದಡದ ಮಣ್ಣನ್ನು ಕೊರೆಯುತ್ತದೆ, ಆಳ ಕಡಿಮೆಯಿರುವಲ್ಲಿ ತಳದ ಕೆಸರನ್ನು ಕಲಕುತ್ತದೆ, ನೀರಿನಂಚಿನಲ್ಲಿ ಗೂಡು ಕಟ್ಟಿದ ಹಕ್ಕಿಯ ಮೊಟ್ಟೆಗಳನ್ನು ತೊಳೆದುಕೊಂಡು ಹೋಗುತ್ತದೆ. ಹುಟ್ಟಿನ ದೋಣಿ ಇದಾವುದನ್ನೂ ಮಾಡುವುದಿಲ್ಲ.

ಕಾಲುದಾರಿ:
ಹುಟ್ಟುಗೋಲು ಅವರೇ, ಕೊನೆಯ ವಾಕ್ಯವನ್ನು ಒಪ್ಪಲಾರೆ. ಇಂಜಿನ್ ದೋಣಿ ನುಗ್ಗಲಾರದ ಜೊಂಡಿನ ನಡುವಿಗೆ ಸದ್ದಿಲ್ಲದೆ ನುಗ್ಗುವುದೇ ಕಯಾಕ್. ದೂರದಿಂದಲೇ ಸದ್ದು ಮಾಡುತ್ತಾ ಬರುವ ದೋಣಿಯ ಸುಳಿವು ಹಕ್ಕಿಗೆ ಮೊದಲೇ ಸಿಗುತ್ತದೆ. ಕಯಾಕ್ ಮಾತ್ರ ಗೂಡಿನ ಪಕ್ಕಕ್ಕೆ ಬಂದ ಮೇಲೆಯೇ ಕಾಣಿಸಿಕೊಂಡು, ಕಾವು ಕೂತ ಹಕ್ಕಿಯನ್ನು ಗಾಬರಿಯಿಂದ ಎಬ್ಬಿಸುತ್ತದೆ. ಇನ್ನು ಹೊರಗಿನ ಜೀವಿಗಳ ಮಾತು. ಕ್ವಾಗಾ ಎಂಬ ಸಣ್ಣ ಚಿಪ್ಪುಜೀವಿ 2007ರಲ್ಲಿ ಅಮೆರಿಕದ ಲೇಕ್ ಮೀಡ್ ಜಲಾಶಯದಲ್ಲಿ ಕಾಣಿಸಿಕೊಂಡ ಮರುವರ್ಷವೇ ಟಾಹೋದಲ್ಲಿ ನೀರಿಗಿಳಿಯುವ ಮೋಟಾರ್ ದೋಣಿಗಳ ತಪಾಸಣೆ ಕಡ್ಡಾಯವಾಯಿತು. ಕ್ವಾಗಾದ ಮರಿಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು. ದೋಣಿಯೊಳಗೆ ಉಳಿದ ಒಂದು ಬೊಗಸೆ ನೀರಿನಲ್ಲೂ ಸಾಗಬಲ್ಲವು. ತೊಳೆದು, ನೀರು ಬಸಿದು, ಪೂರ್ತಿ ಒಣಗಿಸಿ ಇನ್ನೊಂದು ಸರೋವರಕ್ಕೆ ಒಯ್ಯಬೇಕೆಂಬ ನಿಯಮ ಹುಟ್ಟಿನ ದೋಣಿಗೂ, ತೇಲುವ ಹಲಗೆಗೂ, ಗಾಳ ಹಾಕುವವರ ಬೂಟಿಗೂ ಒಂದೇ.

ಹುಟ್ಟುಗೋಲು:
ಗೂಡಿನ ವಿಷಯದಲ್ಲಿ ನೀವು ಹೇಳಿದ್ದು ಸರಿ, ಒಪ್ಪುತ್ತೇನೆ. ಒಣಗಿಸುವ ಶಿಸ್ತೂ ನನ್ನ ಜೊತೆಗಾರರಲ್ಲಿ ಅರ್ಧದಷ್ಟು ಜನರಿಗಿಲ್ಲ.

ತಣ್ಣೀರು:
ಇಲ್ಲಿಯವರೆಗೆ ಎಲ್ಲರೂ ಸರೋವರಕ್ಕೆ ಮನುಷ್ಯರಿಂದಾಗುವ ಅಪಾಯದ ಬಗ್ಗೆ ಬರೆದಿದ್ದೀರಿ. ಸರೋವರದಿಂದ ಮನುಷ್ಯರಿಗಾಗುವ ಅಪಾಯವನ್ನೂ ಸ್ವಲ್ಪ ವಿವರವಾಗಿ ಹೇಳಬೇಕೆನಿಸುತ್ತದೆ. ಏಕೆಂದರೆ ಇಂಜಿನ್ ಬೇಕೋ ಬೇಡವೋ ಎಂಬ ವಾದ ಇಲ್ಲಿಯೇ ನಿಜವಾಗಿ ಬಿಗಿಯಾಗುತ್ತದೆ.

ನೀರು ಅತ್ಯಂತ ಸಾಂದ್ರವಾಗುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದ್ದರಿಂದ ಆಳವಾದ ಸರೋವರದ ತಳದಲ್ಲಿ ಬೇಸಿಗೆಯಲ್ಲೂ ಅದರ ಆಸುಪಾಸಿನ ತಣ್ಣನೆಯ ನೀರೇ ಕುಳಿತಿರುತ್ತದೆ, ಬಿಸಿಲಿಗೆ ಕಾದ ನೀರು ತೆಳುವಾದ ಹೊದಿಕೆಯಂತೆ ಮೇಲೆ ನಿಂತಿರುತ್ತದೆ. ದಡದಲ್ಲಿ ಕಾಲು ಅದ್ದಿ ನೋಡಿ ಹಿತವಾಗಿದೆಯೆಂದು ಈಜಲು ಹೊರಟವರು, ಹಿಮ ಕರಗಿದ ತೊರೆ ಬಂದು ಸೇರುವ ಜಾಗದಲ್ಲೋ, ಗಾಳಿ ಮೇಲಿನ ಹೊದಿಕೆಯನ್ನು ಆಚೆ ದಡಕ್ಕೆ ತಳ್ಳಿದ ದಿನವೋ, ಸಂಪೂರ್ಣ ಬೇರೆಯದೇ ನೀರಿಗೆ ಸಿಕ್ಕಿಕೊಳ್ಳುತ್ತಾರೆ. ತಣ್ಣೀರಿಗೆ ಬಿದ್ದವರ ವಿಷಯದಲ್ಲಿ ರಕ್ಷಣಾ ತರಬೇತಿಯವರು ಒಂದು, ಹತ್ತು, ಒಂದು ಎಂಬ ಲೆಕ್ಕ ಹೇಳಿಕೊಡುತ್ತಾರೆ. ಮೊದಲ ಒಂದು ನಿಮಿಷ ಉಸಿರು ಹತೋಟಿ ತಪ್ಪಿ ಏದುಸಿರಾಗುತ್ತದೆ. ಮುಂದಿನ ಹತ್ತು ನಿಮಿಷ ಕೈಕಾಲು ಹೇಳಿದಂತೆ ಕೇಳುತ್ತವೆ. ಎಚ್ಚರ ತಪ್ಪುವುದಕ್ಕೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಲೈಫ್ ಜಾಕೆಟ್ ತೊಟ್ಟವರಿಗೆ ಮಾತ್ರ ಆ ಒಂದು ಗಂಟೆ ದಕ್ಕುತ್ತದೆ. ಇಲ್ಲದವರು ಎಷ್ಟೇ ಒಳ್ಳೆಯ ಈಜುಗಾರರಾದರೂ ಮೊದಲ ನಿಮಿಷದ ಏದುಸಿರಿನಲ್ಲಿ ನೀರು ಒಳಗೆ ಎಳೆದುಕೊಳ್ಳಬಹುದು. ಜಾಕೆಟ್ಟನ್ನು ದೋಣಿಯಲ್ಲಿ ಮಡಚಿ ತಲೆದಿಂಬು ಮಾಡಿಕೊಂಡವರನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ.

ಇನ್ನು ಗಾಳಿ. ಬಿಸಿಲೇರಿದಂತೆ ಕಣಿವೆಯ ಇಳಿಜಾರುಗಳು ಕಾದು ಗಾಳಿಯನ್ನು ಮೇಲಕ್ಕೆ ಸೆಳೆಯುತ್ತವೆ, ರಾತ್ರಿ ತಣ್ಣಗಾದ ಗಾಳಿ ಕೆಳಕ್ಕೆ ಹರಿಯುತ್ತದೆ. ಇಟಲಿಯ ಗಾರ್ಡಾ ಸರೋವರದಲ್ಲಿ ಬೆಳಗ್ಗೆ ಉತ್ತರದಿಂದ ಬೀಸುವ ಗಾಳಿಗೆ ಪೆಲೆರ್ ಎಂದೂ ಮಧ್ಯಾಹ್ನ ದಕ್ಷಿಣದಿಂದ ಬೀಸುವುದಕ್ಕೆ ಓರಾ ಎಂದೂ ಹೆಸರುಗಳೇ ಇವೆ. ಹಾಯಿಯವರು ಅವುಗಳ ಸಮಯ ನೋಡಿಕೊಂಡೇ ಹೊರಡುತ್ತಾರೆ. ಗಾಳಿಯ ಈ ದಿನಚರಿ ಗೊತ್ತಿಲ್ಲದವರು ಬೆಳಗಿನ ನಿಶ್ಚಲ ನೀರಿನಲ್ಲಿ ಆರಾಮವಾಗಿ ಮೂರು ಕಿಲೋಮೀಟರ್ ಹುಟ್ಟು ಹಾಕಿ, ಊಟ ಮುಗಿಸಿ, ಹಿಂತಿರುಗುವಾಗ ಎದುರುಗಾಳಿಗೂ ಅಲೆಗೂ ಸಿಕ್ಕಿ ಒಂದಿಂಚೂ ಮುಂದೆ ಸಾಗಲಾರದೆ ನಿಲ್ಲುತ್ತಾರೆ. ಹಾಗೆ ನಿಂತವರನ್ನು ಕರೆತರುವ ಪಾರುಗಾಣಿಕೆ ದೋಣಿಗೆ ಇಂಜಿನ್ ಇರಲೇಬೇಕು, ನಿಧಾನಿಯವರೇ. ಸಂಪೂರ್ಣ ಎಂಬ ಪದವನ್ನು ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ.

ಗಾಳಗಾರ:
ಮೀನು ಹಿಡಿಯುವವರ ಬಗ್ಗೆ ಯಾರೂ ಚಕಾರವೆತ್ತಿಲ್ಲ, ನೀರಿನ ಬಳಿ ಎಲ್ಲರಿಗಿಂತ ತೆಪ್ಪಗಿರುವವರು ನಾವೇ. ಪರವಾನಗಿಗೆ ಹಣ ಕಟ್ಟುತ್ತೇವೆ, ಅಳತೆಗಿಂತ ಚಿಕ್ಕ ಮೀನನ್ನು ನೀರಿಗೇ ಬಿಡುತ್ತೇವೆ. ನಮ್ಮಿಂದ ಸರೋವರಕ್ಕೆ ಏನು ತೊಂದರೆ?

ಕಾಲುದಾರಿ:
ಗಾಳಗಾರರೇ, ತೊಂದರೆ ನಿಮ್ಮ ಗಾಳದಿಂದಲ್ಲ, ನಿಮಗಾಗಿ ಬಿಟ್ಟ ಮೀನಿನಿಂದ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಗಳ ಎತ್ತರದ ಸರೋವರಗಳಲ್ಲಿ ಬಹುಪಾಲು ಕಡೆ ಮೊದಲು ಮೀನೇ ಇರಲಿಲ್ಲ. ಜಲಪಾತಗಳನ್ನು ದಾಟಿ ಮೀನುಗಳು ಅಷ್ಟು ಮೇಲಕ್ಕೆ ಏರಲಾರವು. ವಿಹಾರಕ್ಕೆ ಬರುವವರಿಗೆಂದು ಅಲ್ಲಿ ಟ್ರೌಟ್ ಮರಿಗಳನ್ನು ಬಿಡಲಾಯಿತು, ಒಂದು ಕಾಲದಲ್ಲಿ ವಿಮಾನದಿಂದಲೂ ಸುರಿದರು. ಆ ಟ್ರೌಟ್‌ಗಳು ಹಳದಿ ಕಾಲಿನ ಬೆಟ್ಟದ ಕಪ್ಪೆಯ ಗೊದಮೊಟ್ಟೆಗಳನ್ನು ತಿಂದವು. ಆ ಕಪ್ಪೆಗಳ ಗೊದಮೊಟ್ಟೆಗಳು ಎರಡು ಮೂರು ವರ್ಷ ನೀರಿನಲ್ಲೇ ಬೆಳೆಯಬೇಕಾದ್ದರಿಂದ ಅವಕ್ಕೆ ತಪ್ಪಿಸಿಕೊಳ್ಳಲು ಎಡೆಯೇ ಇರಲಿಲ್ಲ. ಮೇಲೆ ಶಿಲೀಂಧ್ರ ರೋಗವೂ ಬಂದೆರಗಿ, 2014ರಲ್ಲಿ ಅಲ್ಲಿನ ಕಪ್ಪೆ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು. ಕೆಲವು ಸರೋವರಗಳಿಂದ ಬಲೆ ಹಾಕಿ ಟ್ರೌಟ್ ತೆಗೆದ ಮೇಲೆ ಅಲ್ಲಿ ಕಪ್ಪೆಗಳ ಸಂಖ್ಯೆ ಮತ್ತೆ ಏರಿತು. ಸದ್ದಿಲ್ಲದ ವಿಹಾರವೆಲ್ಲ ನಿರಪಾಯವೆಂದು ಹೇಳಲು ಬರುವುದಿಲ್ಲ.

ನಿಧಾನಿಯವರ ಕೋನಿಗ್ಸ್‌ಸೇ ಉದಾಹರಣೆಗೂ ಇದೇ ಉತ್ತರ. ಅಲ್ಲಿ ದೋಣಿಗಳು ನೂರು ವರ್ಷಗಳಿಂದ ನಿಶ್ಶಬ್ದವಾಗಿಯೇ ಓಡಾಡಿವೆ. ಆದರೂ ಸರೋವರದ ಮೇಲಿನ ಜಲಪಾತವೊಂದರ ಬಂಡೆಗುಂಡಿಯಲ್ಲಿ ಮಿಂದು ತೆಗೆಸಿಕೊಂಡ ಚಿತ್ರಗಳು ಇನ್‌ಸ್ಟಾಗ್ರಾಮಿನಲ್ಲಿ ಹರಡಿದ ಮೇಲೆ ಜನ ಕಾಡನ್ನು ತುಳಿದು ಹೊಸ ಕಾಲುದಾರಿಗಳನ್ನು ಮಾಡಿದರು, ಕಸ ಬಿಟ್ಟರು. 2019ರಲ್ಲಿ ಇಬ್ಬರು ಯುವಕರು ಅಲ್ಲಿ ಮುಳುಗಿ ಸತ್ತರು. ಕೊನೆಗೆ 2021ರಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನದವರು ಜಾಗವನ್ನು ಜನರಿಗೆ ಮುಚ್ಚಬೇಕಾಯಿತು. ಟಾಹೋದ ನೀರನ್ನೇ ತೆಗೆದುಕೊಳ್ಳಿ. ಬಿಳಿ ತಟ್ಟೆಯನ್ನು ಇಳಿಸಿ ನೋಡಿದರೆ 1968ರಲ್ಲಿ ಸರಾಸರಿ ಸುಮಾರು 31 ಮೀಟರ್ ಆಳದವರೆಗೆ ಕಾಣುತ್ತಿದ್ದದ್ದು, 1997ರ ಹೊತ್ತಿಗೆ 20 ಮೀಟರಿನ ಆಸುಪಾಸಿಗೆ ಇಳಿದಿತ್ತು. ಅದಕ್ಕೆ ಮುಖ್ಯ ಕಾರಣ ರಸ್ತೆಗಳಿಂದಲೂ ಕಟ್ಟಡಗಳೆದ್ದ ನೆಲದಿಂದಲೂ ತೊಳೆದು ಬಂದ ನವಿರಾದ ದೂಳು ಮತ್ತು ಪಾಚಿ. ನೀರಿನ ಮೇಲೆ ಏನು ತೇಲುತ್ತದೆ ಎಂದು ಇಲ್ಲಿ ಇಷ್ಟು ಹೊತ್ತು ವಾದಿಸಿದೆವು. ಸರೋವರ ಕೆಡುವುದು ಬಹುಮಟ್ಟಿಗೆ ದಡದಿಂದ. ವಾಹನ ಎಲ್ಲಿ ನಿಲ್ಲಬೇಕು, ಡೇರೆ ನೀರಿನಿಂದ ಎಷ್ಟು ದೂರವಿರಬೇಕು, ಶೌಚಕ್ಕೆ ಎಲ್ಲಿ ಹೋಗಬೇಕು ಎಂಬುದನ್ನು ಮೊದಲು ನಿಯಮಿಸಿ. ನೀರಿನಿಂದ ಕನಿಷ್ಠ 60 ಮೀಟರ್ ದೂರ ಎಂಬುದು ಚಾರಣಿಗರಲ್ಲಿ ಬಳಕೆಯಲ್ಲಿರುವ ಅಳತೆ. ಮಣ್ಣಿನಲ್ಲಿ ಕೊಳೆತು ಕರಗುವ ಸಾಬೂನಿನ ಬಳಕೆಗೂ ಅದು ಅನ್ವಯಿಸುತ್ತದೆ.

ಗಾಳಗಾರ:
ಮೀನೇ ಇಲ್ಲದ ಸರೋವರಕ್ಕೆ ಮೀನು ಬಿಡುವುದನ್ನು ನಾನೂ ಸಮರ್ಥಿಸುವುದಿಲ್ಲ. ಮೀನು ಮೊದಲಿನಿಂದಲೂ ಇದ್ದ ಕೆಳಗಿನ ಸರೋವರಗಳ ಮಾತು ಬೇರೆ ಎಂಬುದನ್ನಷ್ಟೇ ನೆನಪಿನಲ್ಲಿಡಿ.

ನಿಧಾನಿ:
ತಣ್ಣೀರು ಅವರ ಮಾತಿಗೆ ಮಣಿದು ‘ಸಂಪೂರ್ಣ’ ಎಂಬ ಪದವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಕಾಲುದಾರಿಯವರು ದಡದ ಬಗ್ಗೆ ಹೇಳಿದ್ದನ್ನೂ ಒಪ್ಪಿದೆ. ಅದನ್ನೇ ಮೊದಲ ಪ್ರಶ್ನೆಯಾಗಿ ಇಡಬೇಕಿತ್ತು. ಆದರೆ ಮೋಜಿಗಾಗಿ ಸುತ್ತುವ ಖಾಸಗಿ ಇಂಜಿನ್ ದೋಣಿಗಳ ವಿಷಯದಲ್ಲಿ ನನ್ನ ಮನಸ್ಸು ಬದಲಾಗಿಲ್ಲ. ಗಾರ್ಡಾದ ಉತ್ತರ ತುದಿ ಟ್ರೆಂಟೊ ಪ್ರಾಂತ್ಯಕ್ಕೆ ಸೇರಿದೆ. ಅಲ್ಲಿ ಖಾಸಗಿ ಮೋಟಾರ್ ದೋಣಿಗಳಿಗೆ ಅವಕಾಶವಿಲ್ಲ. ಜನರನ್ನು ಸಾಗಿಸುವ ಸಾರ್ವಜನಿಕ ದೋಣಿಗಳು ಓಡಾಡುತ್ತವೆ. ಇಂಜಿನ್‌ಪರ ಅವರು ಕೇಳಿದ ಹಿರಿಯರೂ ಗಾಲಿಕುರ್ಚಿಯವರೂ ಅಂತಹ ದೋಣಿಯಲ್ಲಿ ನಡುನೀರಿಗೆ ಹೋಗಬಹುದಲ್ಲವೇ?

ಇಂಜಿನ್‌ಪರ:
ಆ ದೋಣಿಗೆ ಗಾಲಿಕುರ್ಚಿ ಹತ್ತುವ ಇಳಿಜಾರು ಹಲಗೆಯಿದ್ದರೆ ನನ್ನ ಅರ್ಧ ತಕರಾರು ಮುಗಿಯಿತು. ಉಳಿದರ್ಧ, ದೊಡ್ಡ ಸರೋವರಕ್ಕೂ ಅಂಗೈಯಗಲದ ಸರೋವರಕ್ಕೂ ಒಂದೇ ನಿಯಮ ಮಾಡಬೇಡಿ ಎಂಬುದು, ಅದನ್ನು ಬಿಟ್ಟುಕೊಡುವುದಿಲ್ಲ.