ಕ್ರಿಸ್‌ಮಸ್ ಅನ್ನೋಕೆ ಯಾಕೆ ಹಿಂಜರಿಕೆ?

ಪ್ರಶ್ನೆ: ನಾನು ಮಂಗಳೂರಿನ ಕ್ರೈಸ್ತ, ಈಗ ಬಾಸ್ಟನ್‌ನಲ್ಲಿದ್ದೇನೆ. ಡಿಸೆಂಬರ್ ಬಂತೆಂದರೆ ಆಫೀಸಿನಲ್ಲಿ ಎಲ್ಲರೂ ‘ಹ್ಯಾಪಿ ಹಾಲಿಡೇಸ್’ ಅನ್ನುತ್ತಾರೆ. ನಕ್ಷತ್ರ, ಮರ, ಕೇಕು ಎಲ್ಲಾ ಇರುತ್ತದೆ, ಯೇಸುವಿನ ಹೆಸರು ಮಾತ್ರ ಯಾರೂ ಎತ್ತಲ್ಲ. ಬೇಜಾರಾಗುತ್ತದೆ. ನಿಮಗೂ ಹೀಗೇ ಅನಿಸುತ್ತಾ?

ಉತ್ತರ 1: ಖಂಡಿತ. 2005ರಲ್ಲಿ ನಿಮ್ಮ ಬಾಸ್ಟನ್‌ನಲ್ಲೇ ಇದು ದೊಡ್ಡ ಗಲಾಟೆ ಆಗಿತ್ತು. 1917ರಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಹಡಗು ಸ್ಫೋಟಿಸಿದಾಗ ಬಾಸ್ಟನ್ ಮಾಡಿದ ಸಹಾಯ ನೆನೆದು, ಆ ಊರಿರುವ ನೋವಾ ಸ್ಕೋಶಿಯಾ ಪ್ರಾಂತ್ಯದವರು ಪ್ರತಿ ವರ್ಷ ಒಂದು ಮರ ಕಳಿಸುತ್ತಾರೆ, ಅದನ್ನು ನಗರಾಡಳಿತದ ವೆಬ್‌ಸೈಟಿನಲ್ಲಿ ‘ಹಾಲಿಡೇ ಟ್ರೀ’ ಅಂತ ಹಾಕಿದ್ದರು. ಮರ ಬೆಳೆದವರಿಗೇ ಸಿಟ್ಟು ಬಂತು. ಕೊನೆಗೆ ಮೇಯರ್ ಮೆನಿನೊ ಅವರೇ ತಾನು ಕ್ರಿಸ್‌ಮಸ್ ಟ್ರೀ ಅಂತಲೇ ಕರೆಯೋದು ಅಂದರು.

ಉತ್ತರ 2: ನಾನೂ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವಳು, ಆದರೆ ಒಪ್ಪಲ್ಲ. ಯಹೂದಿಗಳಿಗೆ ಸುಮಾರು ಅದೇ ಹೊತ್ತಿಗೆ ಹನುಕ್ಕಾ ಹಬ್ಬ ಬರುತ್ತದೆ, ಅವರನ್ನೂ ಸೇರಿಸಿ ಹೇಳಿದರೆ ನಮಗೇನು ನಷ್ಟ? ನಿಮ್ಮ ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್‌ನಲ್ಲೇ ಕ್ರಿಸ್‌ಮಸ್ ಆಚರಿಸಿದರೆ 5 ಶಿಲಿಂಗ್ ದಂಡ ಅಂತ 1659ರಲ್ಲಿ ಕಾನೂನು ಮಾಡಿದ್ದು ಪ್ಯೂರಿಟನ್ ಎಂಬ ಕಟ್ಟುನಿಟ್ಟಿನ ಪಂಥದವರು, ಅಂದರೆ ನಮ್ಮ ಕ್ರೈಸ್ತರೇ! ಅದನ್ನು ತೆಗೆದಿದ್ದು 1681ರಲ್ಲಿ.

ಪ್ರಶ್ನೆ ಕೇಳಿದವರು: ದಂಡದ ವಿಷಯ ಗೊತ್ತಿರಲಿಲ್ಲ, ಥ್ಯಾಂಕ್ಸ್ ಅಕ್ಕ. ಆದರೆ ಯಹೂದಿ ಸಹೋದ್ಯೋಗಿಗೆ ನಾನು ಹನುಕ್ಕಾ ಶುಭಾಶಯ ಅಂತ ಹೆಸರು ಹಿಡಿದೇ ಹೇಳುತ್ತೇನೆ. ನನ್ನ ಹಬ್ಬಕ್ಕೂ ಅಷ್ಟು ಮಾಡಲಿ ಅಂತಷ್ಟೇ ಕೇಳ್ತಿರೋದು, ತಪ್ಪೇನಿಲ್ಲ ಅಲ್ವಾ?