ಸಹಾಯ ಬೇಕು: ಬರೀ ಫೋನಿನಲ್ಲಿ ಕೌನ್ಸೆಲಿಂಗ್ ತಗೊಂಡವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಒಳಗೆ, ದಿನಕ್ಕೆ ಎರಡೇ ಬಸ್ಸು ಬರುವ ಊರು ನಮ್ಮದು. ಅತ್ತೆಗೆ ಮರೆವಿನ ಕಾಯಿಲೆ ಶುರುವಾಗಿ 2 ವರ್ಷ. ನಡುರಾತ್ರಿ ಎದ್ದು "ದನ ಕೊಟ್ಟಿಗೆಗೆ ಬಂತಾ?" ಅಂತ ಬಾಗಿಲು ತೆಗೀತಾರೆ. ದನ ಮಾರಿಯೇ 6 ವರ್ಷ ಆಯ್ತು. ನನಗೆ ನಿದ್ದೆ ಇಲ್ಲ. ಮೊನ್ನೆ ಎಸ್ಸೆಸ್ಸೆಲ್ಸಿ ಓದುವ ಮಗನ ಮೇಲೆ ಸುಮ್ಮಸುಮ್ಮನೆ ಕೈ ಎತ್ತಿಬಿಟ್ಟೆ. ಆಮೇಲೆ ನನಗೇ ಹೆದರಿಕೆ ಆಯ್ತು.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆ. ದುಡ್ಡು ಕೊಡೋದಿಲ್ಲ, ಕನ್ನಡದಲ್ಲೇ ಮಾತಾಡಿದರು, ಅತ್ತು ಹಗುರಾದೆ. ಆದರೆ ವಾರವಾರ ಒಬ್ಬರ ಹತ್ತಿರವೇ ಮಾತಾಡೋಣ ಅನ್ನಿಸಿ ಒಂದು ಆ್ಯಪಿಗೆ ದುಡ್ಡು ಕಟ್ಟಿದೆ. ಹತ್ತೇ ನಿಮಿಷಕ್ಕೆ ವಿಡಿಯೋ ನಿಂತಿತು. ನೆಟ್‌ವರ್ಕ್ ಸರಿಯಾಗಿ ಸಿಗೋದು ತೋಟದ ಮೇಲಿನ ದರೆ ಹತ್ತಿದರೆ ಮಾತ್ರ. ಈ ಮಳೆಯಲ್ಲಿ ಕೊಡೆ ಹಿಡಿದು, ಕಾಲಿನ ಉಂಬಳ ಕೀಳುತ್ತಾ ಮನಸ್ಸಿನ ಕಥೆ ಹೇಳೋದು ಹೇಗೆ ಮಾರಾಯ್ರೆ! ಜಗಲಿಯಲ್ಲಿ ಕೂತರೆ ಮನೆಯವರಿಗೆಲ್ಲ ಕೇಳ್ತದೆ. ಯಜಮಾನರು ಹುಬ್ಬಳ್ಳಿಗೆ ಹೋಗಿ ತೋರಿಸು ಅಂತಾರೆ; ಅತ್ತೆಯನ್ನ ಯಾರ ಕೈಲಿ ಬಿಟ್ಟು ಹೋಗಲಿ?

ಇನ್ನೊಂದು ಗೊಂದಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರ್ತದೆ ಅಂತ ಓದಿದೆ. ಆ್ಯಪಿನವರ ಹೆಸರಿನ ಮುಂದೆ ಬರೀ "ಕೌನ್ಸೆಲರ್" ಅಂತಿದೆ.

ವಿಡಿಯೋ ಇಲ್ಲದೆ, ಬರೀ ಮಾತಿನ ಕರೆಯಲ್ಲಿ, ಕನ್ನಡದಲ್ಲಿ ವಾರವಾರ ತಗೊಂಡವರಿಗೆ ಉಪಯೋಗ ಆಗಿದ್ಯಾ? ನನ್ನಂಥ ತೊಂದರೆಗೆ ಕೌನ್ಸೆಲರ್ ಸಾಕಾ, ಸೈಕಾಲಜಿಸ್ಟೇ ಬೇಕಾ? ಸ್ವಂತ ಅನುಭವ ಇದ್ದವರು ದಯವಿಟ್ಟು ಹೇಳಿ.