ರಿಯಾಯಿತಿಯಲ್ಲಿ ತಂದ ಕುಕ್ಕರಿಗೆ ಸೇಫ್ಟಿ ವಾಲ್ವ್ ಇಲ್ಲ, ಏನು ಮಾಡಲಿ? ರಿಪೇರಿಯವರ ಜೊತೆ ಪ್ರಶ್ನೋತ್ತರ

ಅಡ್ಮಿನ್: ದಾವಣಗೆರೆಯಲ್ಲಿ 22 ವರ್ಷದಿಂದ ಕುಕ್ಕರ್, ಮಿಕ್ಸಿ, ಗ್ರೈಂಡರ್ ರಿಪೇರಿ ಮಾಡುತ್ತಿರುವ ನಮ್ಮ ಸದಸ್ಯರು ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಕಡಿಮೆ ಬೆಲೆಗೆ ತಂದ ಸಾಮಾನಿನಲ್ಲಿ ಯಾವುದಾದರೂ ಭಾಗ ಇಲ್ಲದಿದ್ದರೆ ಕೇಳಿ. ನಿಮ್ಮ ಹೆಸರು ಬೇಡ, ಊರು ಸಾಕು. ಅಂಗಡಿ ಹೆಸರೂ ಬೇಡ.

ಅರಸೀಕೆರೆ: ಸರ್, ಅಂಗಡಿಯಲ್ಲಿ ತೋರಿಸಲು ಇಟ್ಟಿದ್ದ 750 ವ್ಯಾಟ್ ಮಿಕ್ಸಿ ಅರ್ಧ ಬೆಲೆಗೆ ಸಿಕ್ಕಿತು. ಚಟ್ನಿ ಜಾರ್ ಇಲ್ಲ. ಬೇರೆ ಕಂಪನಿ ಜಾರ್ ಕೂರುತ್ತಾ?

ರಿಪೇರಿಯವರು: ಜಾರ್ ತಳದ ಕಪ್ಲರಿನ (ಜಾರನ್ನು ಮೋಟರಿಗೆ ಜೋಡಿಸುವ ಹಲ್ಲಿನ ಬಿಲ್ಲೆ) ಹಲ್ಲು ಮಿಕ್ಸಿ ಮೇಲಿನ ಕಪ್ಲರಿಗೆ ಸರಿಯಾಗಿ ಕೂರಬೇಕು, ಬುಡವೂ ಅಲುಗಾಡಬಾರದು. ಕಣ್ಣಳತೆ ಸಾಲದು. ನಿಮ್ಮಲ್ಲಿರುವ ಇನ್ನೊಂದು ಜಾರನ್ನು ಅಂಗಡಿಗೆ ಒಯ್ದು ಪಕ್ಕದಲ್ಲಿಟ್ಟು ನೋಡಿ. ಸಡಿಲ ಕೂತರೆ ಕಪ್ಲರ್ ಬೇಗ ಸವೆದುಹೋಗುತ್ತದೆ.

ತಿಪಟೂರು: ಅಣ್ಣಾ, ನಮ್ಮ ಮಾವ ಮೇಳದಲ್ಲಿ 5 ಲೀಟರಿನ ಅಲ್ಯೂಮಿನಿಯಂ ಕುಕ್ಕರ್ ತಂದರು. 1,900 ರೂಪಾಯಿಯದ್ದು 850ಕ್ಕೆ ಕೊಟ್ಟರಂತೆ. ಮನೆಗೆ ಬಂದು ನೋಡಿದರೆ ಮುಚ್ಚಳದಲ್ಲಿ ವಿಷಲ್ ಪಕ್ಕ ಒಂದು ತೂತು ಖಾಲಿ, ಆವಿ ಎಲ್ಲಾ ಅಲ್ಲೇ ಹೋಗುತ್ತಿತ್ತು. ನಮ್ಮ ಮನೆಯವರು ಸೈಕಲ್ ಅಂಗಡಿಯಿಂದ ಒಂದು ಬೋಲ್ಟ್ ತಂದು ಬಿಗಿದು ಸುತ್ತ ಎಂ-ಸೀಲ್ ಅಂಟು ಮೆತ್ತಿದ್ದಾರೆ. ಹತ್ತು ದಿನದಿಂದ ಅಡುಗೆ ಆಗುತ್ತಿದೆ. ಎರಡು ದಿನದಿಂದ ಮಾತ್ರ ವಿಷಲ್ ತುಂಬಾ ತಡವಾಗಿ ಕೂಗುತ್ತದೆ. ಗ್ಯಾಸ್ಕೆಟ್ ಬದಲಾಯಿಸಬೇಕಾ?

ರಿಪೇರಿಯವರು: ತಂಗೀ, ಈಗ ಅದು ಒಲೆ ಮೇಲಿದ್ದರೆ ಉರಿ ಆರಿಸಿ. ವಿಷಲ್ ವೇಟ್ ಎತ್ತಬೇಡಿ, ತಾನಾಗಿ ಪೂರ್ತಿ ತಣ್ಣಗಾಗಲಿ. ಮಕ್ಕಳನ್ನು ಅಡುಗೆಮನೆಯಿಂದ ಆಚೆ ಕಳಿಸಿ. ಆಮೇಲೆ ಇದನ್ನು ಓದಿ.

ಆ ಖಾಲಿ ತೂತು ಸೇಫ್ಟಿ ವಾಲ್ವ್ ಕೂರುವ ಜಾಗ. ಅದರಲ್ಲಿ ಬೇಗ ಕರಗುವ ಲೋಹದ ತುಂಡು ಇರುತ್ತದೆ. ವಿಷಲ್ ಕೂರುವ, ಆವಿ ಹೊರಬರುವ ನಳಿಗೆ ಕಟ್ಟಿಕೊಂಡರೆ ಅಥವಾ ನೀರು ಬತ್ತಿ ಕುಕ್ಕರ್ ಅತಿಯಾಗಿ ಕಾದರೆ ಆ ಲೋಹ ಕರಗಿ ಆವಿ ಹೊರಗೆ ಹೋಗುತ್ತದೆ. ಒಂದು ದಾರಿ ಮುಚ್ಚಿದಾಗ ತೆರೆಯುವ ಇನ್ನೊಂದು ದಾರಿ ಅದು. ಕಬ್ಬಿಣದ ಬೋಲ್ಟ್ ಒಲೆಯ ಶಾಖಕ್ಕೆ ಕರಗುವುದಿಲ್ಲ. ಅಂದರೆ ಈಗ ನಿಮ್ಮ ಕುಕ್ಕರಿಗೆ ಇರುವುದು ವಿಷಲ್ ಒಂದೇ ದಾರಿ, ಅದೂ ತಡವಾಗಿ ಕೂಗುತ್ತಿದೆ ಅನ್ನುತ್ತೀರಿ. ಗ್ಯಾಸ್ಕೆಟ್ ಸೋರಿದರೂ ತಡವಾಗುತ್ತದೆ, ಆದರೆ ಆಗ ಅಂಚಿನಿಂದ ಆವಿ ಬರುವುದು ಕಾಣುತ್ತದೆ. ಅಂಚು ಒಣಗಿಯೇ ಇದ್ದರೆ ನನಗೆ ಅನುಮಾನ ನಳಿಗೆ ಮೇಲೆ. ಬೇಳೆ ನೊರೆ, ಸಿಪ್ಪೆ ಅಲ್ಲಿ ಸೇರಿ ಗಟ್ಟಿಯಾಗುತ್ತದೆ.

ಲೆಕ್ಕ ಹೇಳುತ್ತೇನೆ, ನಿಮ್ಮ ಮನೆಯವರಿಗೂ ತೋರಿಸಿ. ಕುಕ್ಕರ್ ಒಳಗೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ ಇರುತ್ತದೆ, ನೀರು ಸುಮಾರು 120 ಡಿಗ್ರಿ ಬಿಸಿ ಇರುತ್ತದೆ. ಮುಚ್ಚಳ 20 ಸೆಂಟಿಮೀಟರ್ ಅಗಲ ಇದ್ದರೆ ಅದನ್ನು ಒಳಗಿಂದ ತಳ್ಳುವ ಬಲ 300 ಕಿಲೋ ದಾಟುತ್ತದೆ. ಆರು ಮೂಟೆ ಸಿಮೆಂಟ್! ಅದೂ ಎಲ್ಲಾ ಸರಿ ಇದ್ದಾಗ. ನಳಿಗೆ ಕಟ್ಟಿದರೆ ಎಷ್ಟಕ್ಕೆ ಏರುತ್ತದೆ ಅಂತ ಯಾರೂ ಹೇಳಲಾರರು. ಎಂ-ಸೀಲ್ ಅಡುಗೆ ಸಾಮಾನಿಗೆ ಮಾಡಿದ್ದಲ್ಲ, ಅದು ಅನ್ನದ ಜೊತೆ ಹೊಟ್ಟೆಗೂ ಹೋಗುತ್ತದೆ.

ಸರಿಯಾದ ವಾಲ್ವ್ ನೂರು ರೂಪಾಯಿ ಒಳಗೆ ಸಿಗುತ್ತದೆ. ಆದರೆ ನಿಮ್ಮದು ಯಾವ ಕುಕ್ಕರ್ ಅಂತ ಗೊತ್ತಾಗದೆ ನಾನು ಹಾಕಿಸಿ ಅನ್ನುವುದಿಲ್ಲ. ಅದರ ಮೇಲೆ ಐಎಸ್‌ಐ ಗುರುತು ಮತ್ತು ಐಎಸ್ 2347 (ಕುಕ್ಕರಿನ ಮಾನದಂಡದ ನಂಬರ್) ಅಂತ ಇದೆಯಾ? ಮುಚ್ಚಳದ ಒಳಭಾಗದ ಫೋಟೋ ಹಾಕಿ, ನಳಿಗೆ ಕಾಣಬೇಕು.

ಬಾಗಲಕೋಟೆ: ಸರ್ರೀ, ಓಟಿಜಿ (ಕರೆಂಟ್ ಓವನ್) ತಂದೀವಿ, ಟ್ರೇ ಎತ್ತೋ ಹಿಡಿಕೆ ಬಂದಿಲ್ಲ. ಬ್ಯಾರೆ ಸಿಗ್ತದೇನ್ರೀ?

ಹುಬ್ಬಳ್ಳಿ: ತಿಪಟೂರಿನವರಿಗೆ ಉಪಯೋಗ ಆಗಬಹುದು, ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂದಿತ್ತು: "ಸೇಫ್ಟಿ ವಾಲ್ವ್ ಹೋದರೆ ಗೋಧಿಹಿಟ್ಟಿನ ಉಂಡೆ ಒತ್ತಿ, ಮೇಲೆ ನಾಣ್ಯ ಇಡಿ. ಹಿಟ್ಟು ಬೆಂದು ಕಲ್ಲಿನಂತೆ ಆಗುತ್ತದೆ."

ರಿಪೇರಿಯವರು: ಕಲ್ಲಿನಂತೆ ಆಗಬಾರದು ಅಂತಲೇ ಅಲ್ಲಿ ಕರಗುವ ಲೋಹ ಇಟ್ಟಿರುವುದು. ದಯವಿಟ್ಟು ಇದನ್ನು ಅಳಿಸಿ, ಎಲ್ಲಿಂದ ಬಂತೋ ಅಲ್ಲಿಗೂ ಹೇಳಿ. ಒತ್ತಡಕ್ಕೆ ಆ ನಾಣ್ಯ ಹಾರಿದರೆ ಮುಖಕ್ಕೇ ಬರುತ್ತದೆ.

ಕಡೂರು: ಮಿಕ್ಸಿಗೆ ಬೇರೆ ಕಂಪನಿ ಜಾರ್ ಹಾಕಬಹುದಾ ಸರ್?

ರಿಪೇರಿಯವರು: ಅರಸೀಕೆರೆಯವರಿಗೆ ಹೇಳಿದ್ದೇನೆ, ಮೇಲೆ ಓದಿ.

ಹಾಸನ: ತಿಪಟೂರು ಅಕ್ಕ, ಕುಕ್ಕರ್ ವಾಪಸ್ ಕೊಡಿ. 2021ರ ಫೆಬ್ರವರಿ 1ರಿಂದ ಮನೆ ಬಳಕೆಯ ಕುಕ್ಕರಿಗೆ ಐಎಸ್‌ಐ ಕಡ್ಡಾಯ. ಬಿಲ್ ಇದೆಯಾ?

ಚಿತ್ರದುರ್ಗ: 1,900ರದ್ದನ್ನು 850ಕ್ಕೆ ಕೊಟ್ಟ ಮೇಲೆ ಏನೋ ಕೊರತೆ ಇದ್ದೇ ಇರುತ್ತದೆ ಅಲ್ವಾ? ತರುವಾಗ ಮುಚ್ಚಳ ತೆರೆದು ನೋಡಬೇಕಿತ್ತು. ಪಾಪ, ಸಣ್ಣ ವ್ಯಾಪಾರಿ ಏನು ಮಾಡಬೇಕು?

ಹಾಸನ: ಕೊರತೆ ಇದ್ದರೆ ಬಾಯಿಬಿಟ್ಟು ಹೇಳಿ, ಬಿಲ್ಲಿನಲ್ಲಿ ಬರೆದು ಮಾರಬೇಕು. "ಚಟ್ನಿ ಜಾರ್ ಇಲ್ಲ" ಅಂತ ಬರೆದು ಕೊಟ್ಟರೆ ನಾನು ಸುಮ್ಮನಿರುತ್ತೇನೆ. ಸೇಫ್ಟಿ ವಾಲ್ವ್ ಇಲ್ಲದ ಕುಕ್ಕರನ್ನು ಬರೆದುಕೊಟ್ಟೂ ಮಾರುವಂತಿಲ್ಲ.

ಚಿತ್ರದುರ್ಗ: ನಮ್ಮದೂ ಪಾತ್ರೆ ಅಂಗಡಿ. ಬಿಲ್ ಮೇಲೆ "ಮಾರಿದ ಮಾಲು ವಾಪಸ್ ಇಲ್ಲ" ಅಂತ ಅಚ್ಚು ಹಾಕಿಸಿದ್ದೇವೆ. ಗಿರಾಕಿ ಮನೆಯಲ್ಲಿ ಕಳೆದುಕೊಂಡು ಬಂದು ನಮ್ಮನ್ನು ಕೇಳುವುದೂ ಇದೆ.

ಹಾಸನ: ಆ ಅಚ್ಚಿಗೆ ಬೆಲೆ ಇಲ್ಲ ಸ್ವಾಮಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಓದಿ. ದೋಷ ಇರುವ ಸಾಮಾನನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಂಡು ಹಣ ಕೊಡದಿದ್ದರೆ ಅದು ಅನ್ಯಾಯದ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದೇ. ತಿಪಟೂರು ಅಕ್ಕ, ನಿಮಗೆ ಹತ್ತೇ ದಿನ ಆಗಿದೆ. ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ಸಾಮಾನಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ದೂರು ಕೊಡಬಹುದು.

ಚಿತ್ರದುರ್ಗ: 850 ರೂಪಾಯಿಗೆ ಆಯೋಗಕ್ಕೆ ಅಲೆಯಬೇಕಾ? ಬಸ್ ಚಾರ್ಜೇ ಅಷ್ಟಾಗುತ್ತದೆ.

ಹಾಸನ: ಎಲ್ಲರೂ ಹೀಗೆ ಲೆಕ್ಕ ಹಾಕುತ್ತಾರೆ ಅಂತಲೇ ನಿಮ್ಮಂಥವರು ಮಾರುವುದು.

ಚಿತ್ರದುರ್ಗ: ನಾನು ಮಾರಿದೆ ಅಂದೆನಾ? ನೋಡಿ ಮಾತಾಡಿ.

ರಿಪೇರಿಯವರು: ಇಬ್ಬರೂ ಆಮೇಲೆ ಜಗಳ ಮಾಡಿ. ತಿಪಟೂರು, ಒಲೆ ಆರಿಸಿದಿರಾ?

ಶಿವಮೊಗ್ಗ: ನಮ್ಮ ಮಿಕ್ಸಿಯಲ್ಲಿ ಜಾರ್ ಲಾಕ್ ಆದರೆ ಮಾತ್ರ ತಿರುಗುತ್ತದೆ. ಲಾಕ್ ಆಗುವ ಮುಚ್ಚಳ ಬಂದಿಲ್ಲ. ಸ್ವಿಚ್ಚಿಗೆ ಬೆಂಕಿಕಡ್ಡಿ ಚುಚ್ಚಿದರೆ ಓಡುತ್ತದೆ ಅಂತ ವಿಡಿಯೋ ಇದೆ.

ರಿಪೇರಿಯವರು: ಬೇಡ. ಬ್ಲೇಡ್ ತೆರೆದಿರುವಾಗ ತಿರುಗಬಾರದು ಅಂತ ಆ ಲಾಕ್ ಇರುವುದು. ಮುಚ್ಚಳ ತರಿಸಿ.

ಶಿವಮೊಗ್ಗ: ಮುಚ್ಚಳ ಬರಲು ಮೂರು ವಾರ ಅನ್ನುತ್ತಾರೆ.

ರಿಪೇರಿಯವರು: ಮೂರು ವಾರ ಒರಳಿನಲ್ಲಿ ರುಬ್ಬಿ. ಬೆರಳು ಹೋದರೆ ಮೂರು ವಾರದಲ್ಲಿ ಬರುವುದಿಲ್ಲ.

ರಾಣೆಬೆನ್ನೂರು: ಟಿಲ್ಟಿಂಗ್ ಗ್ರೈಂಡರಿಗೆ ಹಿಟ್ಟು ತಳ್ಳುವ ಪ್ಲಾಸ್ಟಿಕ್ ಪಟ್ಟಿ ಇಲ್ಲ ಸರ್.

ರಿಪೇರಿಯವರು: ಪ್ಲೇಟಿನ ಮೇಲಿನ ಮಾಡೆಲ್ ನಂಬರ್ ಹೇಳಿ ತರಿಸಿ. ಅಲ್ಲಿವರೆಗೆ ಓಡುತ್ತಿರುವಾಗ ಕೈ ಹಾಕಬೇಡಿ. ನಿಲ್ಲಿಸಿ, ಸೌಟಿನಿಂದ ತಳ್ಳಿ.

ಕಡೂರು: ಮೇಲೆ ಓದಿದೆ, ಅರ್ಥ ಆಗಲಿಲ್ಲ. ಜಾರ್ ಹಾಕಬಹುದಾ, ಬೇಡವಾ? ಒಂದೇ ಮಾತಿನಲ್ಲಿ ಹೇಳಿ.

ರಿಪೇರಿಯವರು: ಒಂದೇ ಮಾತಿನಲ್ಲಿ ಹೇಳುವಂಥದ್ದಲ್ಲ. ಜಾರ್ ಹಿಡಿದುಕೊಂಡು ಅಂಗಡಿಗೆ ಹೋಗಿ.

ಬಾಗಲಕೋಟೆ: ನಂದು ಯಾರೂ ನೋಡವಲ್ರಲ್ಲಾ.

ಹುಬ್ಬಳ್ಳಿ: ನಾನು ಒಳ್ಳೆಯ ಮನಸ್ಸಿನಿಂದ ಹಾಕಿದ್ದು. ಎಲ್ಲರ ಮುಂದೆ ಹಾಗೆ ಹೇಳಬೇಕಿರಲಿಲ್ಲ.

ರಿಪೇರಿಯವರು: ನಿಮ್ಮ ಮನಸ್ಸು ಒಳ್ಳೆಯದೇ. ಆದರೆ ಕುಕ್ಕರ್ ಸಿಡಿದು ಕೈ ಸುಟ್ಟುಕೊಂಡವರು ಮುಚ್ಚಳ ಹಿಡಿದು ನನ್ನ ಅಂಗಡಿಗೆ ಬಂದಿದ್ದಾರೆ. ಅದನ್ನು ನೋಡಿದವನು ನಯವಾಗಿ ಹೇಳಲಾರೆ. ಇನ್ನೂ ಅಳಿಸಿಲ್ಲ ನೀವು.

ತಿಪಟೂರು: ಅಣ್ಣಾ, ಕರೆಂಟ್ ಇರಲಿಲ್ಲ, ಈಗ ನೋಡಿದೆ. ಕುಕ್ಕರ್ ತಣ್ಣಗಿತ್ತು. ಮನೆಯವರು ಬೋಲ್ಟ್ ಬಿಚ್ಚಿದರು, ಎಂ-ಸೀಲ್ ಒಳಗಡೆ ಕಪ್ಪಾಗಿ ಉದುರುತ್ತಿದೆ. ನಳಿಗೆಯನ್ನು ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುವುದೇ ಇಲ್ಲ. ಹುರುಳಿಕಾಳಿನ ಸಿಪ್ಪೆ ಗಟ್ಟಿಯಾಗಿ ಕೂತಿದೆ. ಐಎಸ್‌ಐ ಗುರುತು ಎಲ್ಲೂ ಇಲ್ಲ. ಬಿಲ್ ಇದೆ, ಮಾವನ ಜೇಬಿನಲ್ಲಿ ಸಿಕ್ಕಿತು.

ರಿಪೇರಿಯವರು: ಇದಕ್ಕೇ ನಾನು ಹೆದರಿದ್ದು. ನಳಿಗೆ ಬಿಡಿಸುವುದೂ ಬೇಡ, ವಾಲ್ವ್ ಹಾಕಿಸುವುದೂ ಬೇಡ. ಹೇಗಿದೆಯೋ ಹಾಗೇ ಫೋಟೋ ತೆಗೆದು, ಬೋಲ್ಟ್ ಸಮೇತ ಚೀಲದಲ್ಲಿ ಕಟ್ಟಿಡಿ. ಬೋಲ್ಟ್ ಹಾಕಿದ್ದು ನಾವೇ ಅಂತ ಇದ್ದದ್ದನ್ನು ಇದ್ದಂತೆ ಹೇಳಿ, ತರುವಾಗಲೇ ತೂತು ಖಾಲಿ ಇತ್ತು ಅಂತಲೂ ಹೇಳಿ. ಹಾಸನದವರು ಹೇಳಿದ ಹಾಗೆ ಬಿಲ್ ತಗೊಂಡು ನಾಳೆಯೇ ಹೋಗಿ.

ತಿಪಟೂರು: ಆಯ್ತು ಅಣ್ಣಾ. ಇವತ್ತು ಪಾತ್ರೆಯಲ್ಲೇ ಅನ್ನ ಬಸಿದೆ.

ಚಿತ್ರದುರ್ಗ: ಬೋಲ್ಟ್ ಹಾಕಿದ ಮೇಲೆ ಯಾವ ಅಂಗಡಿಯವನೂ ವಾಪಸ್ ತಗೊಳ್ಳಲ್ಲ, ಬರೆದಿಟ್ಟುಕೊಳ್ಳಿ.

ಹಾಸನ: ಅಕ್ಕ, ನಾಳೆ ಅಂಗಡಿಗೆ ಹೋಗುವ ಮುಂಚೆ ಬಿಲ್ಲಿನ ಫೋಟೋ ನನಗೆ ಕಳಿಸಿ. ದೂರಿನ ಕಾಗದ ನಾನೇ ಬರೆದುಕೊಡುತ್ತೇನೆ.